ತಾಮ್ರದ ತಂತಿಯಲ್ಲಿ ಇನ್ನೂ ಎಷ್ಟು ದಮ್ ಉಳಿದಿತ್ತು?

ಗ್ರಾಮಸಭೆ ವರದಿಗೆ ಹೋದಾಗ ನೆಟ್‌ವರ್ಕ್ ವಿಷಯ ಬಂದೇ ಬರುತ್ತದೆ. ಟವರ್ ಬೇಕು ಅನ್ನುವವರು, ವೈಫೈ ಬೇಕು ಅನ್ನುವವರು, ಎರಡೂ ಬೇಡ ಕರೆಂಟ್ ಕೊಡಿ ಸಾಕು ಅನ್ನುವವರು. ಹೋದ ವರ್ಷ ಒಂದು ಸಭೆ ಮುಗಿದ ಮೇಲೆ ಪರಿಚಯದ ಕಾಕಾ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ತಮ್ಮಾ, ಹಳೇ ಫೋನಿನ ವಾಯರ್ ಇನ್ನೂ ನಮ್ಮ ಮನಿ ಗ್ವಾಡಿಗೆ ಐತಿ. ಅದರಾಗ ಸ್ಪೀಡ್ ಇಂಟರ್ನೆಟ್ ಬರಂಗಿಲ್ಲೇನಪಾ?"

ಬರುವುದಿಲ್ಲ ಎಂದು ಹೇಳಿ ಎದ್ದು ಬರಬಹುದಿತ್ತು. ಆದರೆ ಅದು ಸರಿಯಾದ ಉತ್ತರವಲ್ಲ. ಬರುತ್ತಿತ್ತು. ಎಷ್ಟೋ ದೇಶಗಳಲ್ಲಿ ಬಂತು. ನಮ್ಮಲ್ಲೂ ಅರ್ಧ ದಾರಿವರೆಗೆ ಬಂತು. ಆಮೇಲೆ ಏನಾಯಿತು ಅನ್ನುವುದು ಸ್ವಲ್ಪ ಉದ್ದದ ಕಥೆ.

ಮೊದಲು ತಂತಿಯನ್ನೇ ನೋಡೋಣ. ಲ್ಯಾಂಡ್‌ಲೈನಿಗೆ ಮನೆಗೆ ಬರುವುದು ಎರಡೇ ಎಳೆ, ಒಂದಕ್ಕೊಂದು ಹೆಣೆದ ಹಾಗೆ ಸುತ್ತಿಕೊಂಡಿರುತ್ತವೆ. ಹೀಗೆ ಸುತ್ತಿದರೆ ಪಕ್ಕದ ತಂತಿಯ ಮಾತು ಇದಕ್ಕೆ ನುಸುಳುವುದು ಕಡಿಮೆಯಾಗುತ್ತದೆ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಅವರೇ 1881ರಲ್ಲಿ ಇದಕ್ಕೂ ಪೇಟೆಂಟ್ ಪಡೆದರು. ಕರೆಂಟ್ ಹೋದರೂ ಹಳೇ ಫೋನ್ ನಡೆಯುತ್ತಿತ್ತಲ್ಲ, ಅದಕ್ಕೆ ಕಾರಣವೂ ಈ ತಂತಿಯೇ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಇದರಲ್ಲೇ ಬರುತ್ತಿತ್ತು.

ನಮ್ಮ ಮಾತು ಇದರಲ್ಲಿ ಸಾಗಲು ಸುಮಾರು 300ರಿಂದ 3400 ಹರ್ಟ್ಸ್ ಸಾಕು. ಟೆಲಿಫೋನ್ ವ್ಯವಸ್ಥೆ ಅಷ್ಟನ್ನೇ ದಾಟಿಸುತ್ತಿತ್ತು, ಮಿಕ್ಕಿದ್ದನ್ನು ಸೋಸಿಬಿಡುತ್ತಿತ್ತು. ದೊಡ್ಡ ಕಾಲುವೆ ತೋಡಿ ತೂಬನ್ನು ಮಾತ್ರ ಒಂದು ಬೆರಳಷ್ಟು ಎತ್ತಿದ ಹಾಗೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಇಂಟರ್ನೆಟ್ ಕೊಟ್ಟಾಗ ಅದು ಹರಿದಿದ್ದು ಈ ಒಂದು ಬೆರಳಿನ ಸಂದಿಯಲ್ಲೇ. ಡಯಲ್-ಅಪ್ ಮೋಡೆಮ್ ಕೀರಲು ದನಿ ತೆಗೆದು ಕನೆಕ್ಟ್ ಆಗುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಅದರ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ನೆಟ್ ಹಚ್ಚಿದರೆ ಫೋನ್ ಎಂಗೇಜ್.

ತೂಬನ್ನು ಪೂರ್ತಿ ಎತ್ತುವ ಕೆಲಸ ಶುರುವಾಗಿದ್ದು ಅಮೆರಿಕದಲ್ಲಿ, 1980ರ ದಶಕದ ಕೊನೆಯಲ್ಲಿ. ನ್ಯೂಜೆರ್ಸಿಯ ಬೆಲ್‌ಕೋರ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಜೋಸೆಫ್ ಲೆಕ್‌ಲೈಡರ್ ಎಂಬ ಎಂಜಿನಿಯರ್ ಒಂದು ಸರಳ ಮಾತು ಹೇಳಿದರು. ಎಕ್ಸ್‌ಚೇಂಜಿನ ಹತ್ತಿರ ನೂರಾರು ಜೋಡಿ ತಂತಿ ಒಂದೇ ಕೇಬಲ್‌ನಲ್ಲಿ ಒತ್ತಾಗಿ ಇರುತ್ತವೆ. ಹೋಗುವ ಸಿಗ್ನಲ್ಲೂ ಬರುವ ಸಿಗ್ನಲ್ಲೂ ಸಮಬಲದಲ್ಲಿದ್ದರೆ ಒಂದರ ಗದ್ದಲ ಇನ್ನೊಂದಕ್ಕೆ ತಾಗಿ ಎರಡೂ ಕೆಡುತ್ತವೆ. ಮನೆಯಿಂದ ಹೋಗುವುದನ್ನು ಕಡಿಮೆ ಮಾಡಿ, ಮನೆಗೆ ಬರುವುದನ್ನು ಹೆಚ್ಚು ಮಾಡಿದರೆ? ನಾವು ಡೌನ್‌ಲೋಡ್ ಮಾಡುವುದೇ ಜಾಸ್ತಿ ತಾನೇ. ಎಡಿಎಸ್‌ಎಲ್ ಎಂಬ ಹೆಸರಿನ ಮೊದಲ ಅಕ್ಷರ ಈ ಅಸಮಾನತೆಯನ್ನೇ ಹೇಳುತ್ತದೆ.

ಎರಡನೇ ಹೆಜ್ಜೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಸಿಯೋಫಿ ಅವರದು. ತಂತಿಯ ಮೇಲಿನ ಜಾಗವನ್ನು 256 ಸಣ್ಣ ಸಣ್ಣ ಹಾದಿಗಳಾಗಿ ಒಡೆದು, ಒಂದೊಂದನ್ನೂ ಮೋಡೆಮ್ ಮೊದಲೇ ಪರೀಕ್ಷಿಸುತ್ತದೆ. ಗದ್ದಲ ಇರುವ ಹಾದಿಗೆ ಹೊರೆ ಕಡಿಮೆ, ಸ್ವಚ್ಛ ಇರುವ ಹಾದಿಗೆ ಹೊರೆ ಹೆಚ್ಚು. ಜೋಡೆತ್ತಿನಲ್ಲಿ ಯಾವುದು ಎಷ್ಟು ಎಳೆಯುತ್ತದೆ ಅಂತ ನೋಡಿ ನೊಗ ಹೊಂದಿಸುತ್ತೀವಲ್ಲ, ಹಾಗೆ. 1993ರಲ್ಲಿ ಬೆಲ್‌ಕೋರ್ ನಡೆಸಿದ ಪೈಪೋಟಿ ಪರೀಕ್ಷೆಯಲ್ಲಿ ಇದೇ ವಿಧಾನ ಗೆದ್ದಿತು.

ತಮಾಷೆ ಏನೆಂದರೆ ಆಗ ಇಂಟರ್ನೆಟ್ ಯಾರ ತಲೆಯಲ್ಲೂ ಅಷ್ಟಾಗಿ ಇರಲಿಲ್ಲ. ಅಮೆರಿಕದ ಫೋನ್ ಕಂಪನಿಗಳಿಗೆ ಕೇಬಲ್ ಟಿವಿಯವರ ಭಯ. ಫೋನ್ ತಂತಿಯಲ್ಲೇ ಸಿನಿಮಾ ಕಳಿಸಬೇಕೆಂದು ಇದಕ್ಕೆ ಹಣ ಹಾಕಿದರು. ಆ ಸಿನಿಮಾ ವ್ಯಾಪಾರ ಆಗ ನಡೆಯಲಿಲ್ಲ, ತಂತ್ರಜ್ಞಾನ ಇಂಟರ್ನೆಟ್ಟಿಗೆ ಸಿಕ್ಕಿತು. 1999ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ವೇಗ 8 ಎಂಬಿಪಿಎಸ್ ವರೆಗೆ. 2003ರ ಎಡಿಎಸ್‌ಎಲ್2+ ನಲ್ಲಿ 24. ಅದಾದ ಮೇಲೆ ಬಂದ ವಿಡಿಎಸ್‌ಎಲ್2 ನಲ್ಲಿ 100 ದಾಟಿತು. ತಂತಿ ಮಾತ್ರ ಅದೇ ಹಳೇ ತಾಮ್ರ.

ಆದರೆ ಈ ಎಲ್ಲ ಅಂಕಿಗಳ ಹಿಂದೆ ಒಂದು ಷರತ್ತಿದೆ: ದೂರ. ಮಲಪ್ರಭಾ ಕಾಲುವೆಯ ಕೊನೇ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬಿನ ಹತ್ತಿರದವರಿಗೆ ಹೊಲ ತುಂಬ ನೀರು, ಕೊನೆಯವರಿಗೆ ಒದ್ದೆ ಮಣ್ಣು. ಎಕ್ಸ್‌ಚೇಂಜಿನಿಂದ ಒಂದು ಕಿಲೋಮೀಟರ್ ಒಳಗಿದ್ದರೆ ಎಡಿಎಸ್‌ಎಲ್2+ ನಲ್ಲಿ 20ರ ಹತ್ತಿರ ಬರುತ್ತದೆ. ನಾಲ್ಕೈದು ಕಿಲೋಮೀಟರ್ ಆದರೆ ಒಂದೆರಡು ಬಂದರೆ ಪುಣ್ಯ. ವಿಡಿಎಸ್‌ಎಲ್2 ಇನ್ನೂ ಸೂಕ್ಷ್ಮ, ಅದರ ಆಟ ಕೆಲವು ನೂರು ಮೀಟರ್ ಒಳಗೆ. ಹಾಗಾಗಿ ತಾಮ್ರದಲ್ಲಿ ವೇಗ ಬೇಕೆಂದರೆ ಎಕ್ಸ್‌ಚೇಂಜನ್ನೋ, ಅದಕ್ಕೆ ಬರುವ ಫೈಬರ್ ಅನ್ನೋ ಮನೆಯ ಹತ್ತಿರಕ್ಕೆ ತರಬೇಕು.

ಇಲ್ಲಿ ನಮ್ಮ ನಾಡಿನ ಕಥೆ ಬರುತ್ತದೆ.

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದವರು. ಆಗ ವಿದೇಶದಿಂದ ತರುತ್ತಿದ್ದ ದೊಡ್ಡ ಎಕ್ಸ್‌ಚೇಂಜುಗಳಿಗೆ ಎಸಿ ಕೋಣೆ ಬೇಕು. ಹಳ್ಳಿಯಲ್ಲಿ ಎಸಿ ಎಲ್ಲಿಂದ ತರುವುದು? ಫ್ಯಾನಿಗೇ ಕರೆಂಟ್ ಇರದ ಕಾಲ. ಹಾಗಾಗಿ ಬಿಸಿಲು, ಧೂಳು ತಡೆದುಕೊಳ್ಳುವ, ಎಸಿ ಬೇಡದ, 128 ಪೋರ್ಟಿನ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿದರು. ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಎಂಬುದು ಉದ್ದ ಹೆಸರು, ಇಲಾಖೆಯವರು ಕರೆಯುತ್ತಿದ್ದುದು ರಾಕ್ಸ್ ಎಂದು. ಅದರಲ್ಲಿ ಮೊಟ್ಟಮೊದಲನೆಯದು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹೌದು, ಚೆನ್ನಮ್ಮನ ಕಿತ್ತೂರು. ಕಿತ್ತೂರಿನ ಹೆಸರು ಬಂದಾಗ ನಾವು 1824ನ್ನು ನೆನೆಯುತ್ತೇವೆ, ಸರಿಯೇ. ಆದರೆ 1986ಕ್ಕೂ ಅಲ್ಲೊಂದು ಫಲಕ ಇದ್ದರೆ ತಪ್ಪೇನಿಲ್ಲ ಅನ್ನಿಸುತ್ತದೆ ನನಗೆ.

ಅದೇ ಮಾದರಿ ಎಕ್ಸ್‌ಚೇಂಜುಗಳು ಮುಂದೆ ದೇಶದ ಸಾವಿರಾರು ಊರುಗಳಿಗೆ ಹೋದವು. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯುವುದು ತಪ್ಪಿತು. ಬಸ್ ಸ್ಟ್ಯಾಂಡ್ ಪಕ್ಕ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂತು. ಇದೆಲ್ಲ ನಿಮಗೆ ಗೊತ್ತು. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಸಂಗತಿಯಿದೆ. ಹೋಬಳಿ ಮಟ್ಟದ ಊರಲ್ಲೂ ಎಕ್ಸ್‌ಚೇಂಜ್ ಊರೊಳಗೇ ಇದ್ದುದರಿಂದ, ಅಲ್ಲಿನ ಮನೆಗಳಿಗೆ ತಾಮ್ರದ ಉದ್ದ ಕಡಿಮೆಯಾಯಿತು. ದೊಡ್ಡ ನಗರದ ಹೊರವಲಯದವರಿಗೆ ನಾಲ್ಕೈದು ಕಿಲೋಮೀಟರ್ ತಂತಿ, ನಮ್ಮ ಸಂತೆ ಊರಿನವರಿಗೆ ಅರ್ಧ ಕಿಲೋಮೀಟರ್. ದೂರದ ಲೆಕ್ಕದಲ್ಲಿ ನೋಡಿದರೆ ನಾವು ತೂಬಿನ ಬಾಯಲ್ಲೇ ಕೂತಿದ್ದೆವು.

2004ರಲ್ಲಿ ಬ್ರಾಡ್‌ಬ್ಯಾಂಡ್ ನೀತಿ ಬಂತು. 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಅದರಲ್ಲಿ ಬರೆದರು. (ಈ ವ್ಯಾಖ್ಯೆ 2 ಎಂಬಿಪಿಎಸ್‌ಗೆ ಏರಿದ್ದು 2023ರಲ್ಲಿ!) ಆಗ ದೇಶದಲ್ಲಿ ಸುಮಾರು 4 ಕೋಟಿ ತಾಮ್ರದ ಲೈನುಗಳಿದ್ದವು. ಸರ್ಕಾರಿ ಕಂಪನಿಗಳ ತಂತಿಯನ್ನು ಬಾಡಿಗೆ ಪಡೆದು ಬೇರೆಯವರೂ ಇಂಟರ್ನೆಟ್ ಕೊಡುವಂತಾಗಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಶಿಫಾರಸು ಮಾಡಿತ್ತು. ಬ್ರಿಟನ್, ಫ್ರಾನ್ಸ್‌ಗಳಲ್ಲಿ ಹಾಗೆ ಮಾಡಿ ಪೈಪೋಟಿ ಹುಟ್ಟಿತ್ತು. ನಮ್ಮ ಸರ್ಕಾರ ಅದನ್ನು ಕಡ್ಡಾಯ ಮಾಡಲಿಲ್ಲ, ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ತಂತಿ ಒಬ್ಬರ ಕೈಯಲ್ಲೇ ಉಳಿಯಿತು. ಸಾರ್ವಜನಿಕ ಆಸ್ತಿಯನ್ನು ಖಾಸಗಿಯವರಿಗೆ ಯಾಕೆ ಕೊಡಬೇಕು ಎಂಬ ವಾದಕ್ಕೆ ಬೆಲೆ ಇದೆ. ಆದರೆ ಬಳಸದೆ ಬಿಟ್ಟ ಆಸ್ತಿ ಯಾರಿಗೆ ಬಂತು?

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಶುರು ಮಾಡಿತು. ಡಿಪ್ಲೊಮಾ ಓದುವಾಗ ಗೆಳೆಯನೊಬ್ಬನ ಮನೆಯಲ್ಲಿ ಅದಿತ್ತು. ಅವರ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡ್ ಫ್ರೀ. ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು ಡೌನ್‌ಲೋಡಿಗೆ ಹಚ್ಚಿ ಮತ್ತೆ ಮಲಗುತ್ತಿದ್ದೆವು. ಅದು ಜಿಲ್ಲಾ ಕೇಂದ್ರದ ಮಾತು. ಹಳ್ಳಿಗಳಲ್ಲಿ ಎಷ್ಟೋ ಕಡೆ ಅದು ಬರಲೇ ಇಲ್ಲ.

ಯಾಕೆ ಬರಲಿಲ್ಲ? ತಂತಿ ಹತ್ತಿರ ಇದ್ದರೆ ಸಾಲದು. ಎಕ್ಸ್‌ಚೇಂಜಿನಲ್ಲಿ ಡಿಸ್ಲ್ಯಾಮ್ ಎಂಬ ಪೆಟ್ಟಿಗೆ ಕೂರಿಸಬೇಕು, ಅದೇ ಎಲ್ಲ ಮೋಡೆಮ್‌ಗಳ ಇನ್ನೊಂದು ತುದಿ. ಅದಕ್ಕಿಂತ ಮುಖ್ಯ, ಆ ಸಣ್ಣ ಎಕ್ಸ್‌ಚೇಂಜಿನಿಂದ ತಾಲ್ಲೂಕಿಗೆ ದೊಡ್ಡ ದಾರಿ ಬೇಕು. ಮಾತಿಗೆಂದು ಕಟ್ಟಿದ ಸಂಪರ್ಕ ಇಡೀ ಊರಿನ ಇಂಟರ್ನೆಟ್ಟಿಗೆ ಸಾಲುವುದಿಲ್ಲ. ಮನೆ ಮನೆಗೆ ಪೈಪ್ ಹಾಕಿ, ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುವ ಮೋಟರ್ ಇಲ್ಲದಿದ್ದರೆ ಹೇಗೋ ಹಾಗೆ. ಜೊತೆಗೆ ಬ್ಯಾಟರಿ ಸಮಸ್ಯೆ, ಮಳೆಗಾಲದಲ್ಲಿ ಜಾಯಿಂಟಿಗೆ ನೀರು, ಸಿಡಿಲಿಗೆ ಸುಡುವ ಮೋಡೆಮ್, ರಸ್ತೆ ಅಗೆದಾಗ ಕಡಿಯುವ ಕೇಬಲ್, ಕೇಬಲ್ ಕಡಿದು ತಾಮ್ರ ಮಾರುವ ಕಳ್ಳರು. ಅಷ್ಟರಲ್ಲಿ ಮೊಬೈಲ್ ಬಂತು. ನಾವೇ ಲ್ಯಾಂಡ್‌ಲೈನ್ ಸರೆಂಡರ್ ಮಾಡಿದೆವು. 2020ರ ಹೊತ್ತಿಗೆ ದೇಶದ 4 ಕೋಟಿ ಲೈನುಗಳು ಸುಮಾರು 2 ಕೋಟಿಗೆ ಇಳಿದಿದ್ದವು.

ಪಂಚಾಯಿತಿಗೆ ಫೈಬರ್ ಕೊಡುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಗುರಿ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ನನ್ನ ಹೊಟ್ಟೆ ಉರಿಯುವುದು ಇಲ್ಲಿ. ಫೈಬರ್ ಊರ ನಡುವಿನ ಪಂಚಾಯಿತಿ ಕಟ್ಟಡಕ್ಕೆ ಬಂದು, ಅಲ್ಲಿಂದ ಮನೆಗಳಿಗೆ ಕೆಲವು ನೂರು ಮೀಟರ್ ತಾಮ್ರ ಇದ್ದಿದ್ದರೆ, ಅದು ಯುರೋಪಿನ ನಗರಗಳು ಆಗ ಮಾಡುತ್ತಿದ್ದ ವ್ಯವಸ್ಥೆಯೇ. ಬೀದಿ ಮೂಲೆಯ ಪೆಟ್ಟಿಗೆವರೆಗೆ ಫೈಬರ್, ಮುಂದೆ ಹಳೇ ತಾಮ್ರ, ವೇಗ 50ರ ಮೇಲೆ. ನಮ್ಮಲ್ಲಿ ತಾಮ್ರ ಗಟ್ಟಿಯಿದ್ದಾಗ ಫೈಬರ್ ಇರಲಿಲ್ಲ. ಫೈಬರ್ ಬರುವ ಹೊತ್ತಿಗೆ ತಾಮ್ರ ಗುಜರಿಯ ದಾರಿ ಹಿಡಿದಿತ್ತು. ಗಂಡು ಬರುವಷ್ಟರಲ್ಲಿ ಹಂದರವೇ ಬಿಚ್ಚಿದ ಮದುವೆ.

ಹಾಗಂತ ತಾಮ್ರ ನಂಬಿದವರೆಲ್ಲ ಗೆದ್ದರು ಎಂದೂ ಅಲ್ಲ. ಆಸ್ಟ್ರೇಲಿಯಾ 2009ರಲ್ಲಿ ಬಹುಪಾಲು ಮನೆಗಳಿಗೆ ಫೈಬರ್ ಕೊಡುತ್ತೇವೆ ಎಂದಿತು. 2013ರಲ್ಲಿ ಸರ್ಕಾರ ಬದಲಾಗಿ, ಖರ್ಚು ಉಳಿಸಲು ಬೀದಿವರೆಗೆ ಫೈಬರ್, ಮನೆಗೆ ಹಳೇ ತಾಮ್ರ ಎಂದು ತೀರ್ಮಾನಿಸಿತು. 2020ರಲ್ಲಿ ಅದೇ ಪಕ್ಷದ ಸರ್ಕಾರ ಮತ್ತೆ ಫೈಬರ್ ಹಾಕಲು ಶತಕೋಟಿಗಟ್ಟಲೆ ಡಾಲರ್ ಎತ್ತಿಡಬೇಕಾಯಿತು. ಬ್ರಿಟನ್ನಿನಲ್ಲಿ ಜಿ.ಫಾಸ್ಟ್ ಎಂಬ ಇನ್ನೂ ವೇಗದ ತಾಮ್ರ ತಂತ್ರ ಶುರು ಮಾಡಿ, ನಡುವೆ ನಿಲ್ಲಿಸಿ, ಫೈಬರ್ ಕಡೆ ಹೊರಳಿದರು. 2014ರಲ್ಲಿ ಬೆಲ್ ಲ್ಯಾಬ್ಸ್ ಪ್ರಯೋಗಾಲಯದಲ್ಲಿ ತಾಮ್ರದ ಮೇಲೆ ಸೆಕೆಂಡಿಗೆ 10 ಗಿಗಾಬಿಟ್ ಓಡಿಸಿ ತೋರಿಸಿತು. ತಂತಿಯ ಉದ್ದ 30 ಮೀಟರ್! ಅಷ್ಟು ಹತ್ತಿರದವರೆಗೆ ಫೈಬರ್ ತಂದವರು ಉಳಿದ 30 ಮೀಟರಿಗೆ ಯಾಕೆ ಜಿಪುಣತನ ಮಾಡುತ್ತಾರೆ ಹೇಳಿ.

ಆದರೆ ಆ ದೇಶಗಳಿಗೆ ನಡುವಿನ ಹತ್ತು ಹದಿನೈದು ವರ್ಷ ತಾಮ್ರ ಕೆಲಸಕ್ಕೆ ಬಂತು. ನಮಗೆ ಆ ವರ್ಷಗಳೇ ಖಾಲಿ. 2020ರಲ್ಲಿ ಕೊರೊನಾ ಬಂದು ಶಾಲೆ ಮೊಬೈಲಿಗೆ ಬಂದಾಗ, ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೊಡೆ ಹಿಡಿದು ಕೂತ ಫೋಟೊಗಳನ್ನು ನೀವೂ ನೋಡಿದ್ದೀರಿ. ಅದೇ ಸೀಮೆಯ ಒಂಟಿ ಮನೆಗಳಲ್ಲಿ ಒಂದು ಕಾಲಕ್ಕೆ ಲ್ಯಾಂಡ್‌ಲೈನ್ ರಿಂಗಾಗುತ್ತಿತ್ತು.

ಈಗ ಕಾಕಾನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮನೆಯಲ್ಲೂ ಹಳೇ ಲೈನ್ ಇದ್ದರೆ ಮೊದಲು ಫೋನ್ ಹಚ್ಚಿ ರಿಸೀವರ್ ಎತ್ತಿ ನೋಡಿ. ಡಯಲ್ ಟೋನ್ ಇಲ್ಲದಿದ್ದರೆ ತಂತಿ ಎಲ್ಲೋ ತುಂಡಾಗಿದೆ ಅಥವಾ ಆ ಕಡೆ ತುದಿಯೇ ಇಲ್ಲ. ಟೋನ್ ಇದ್ದು ಕರಕರ ಸದ್ದು ಬಂದರೆ ಜಾಯಿಂಟ್ ತುಕ್ಕು ಹಿಡಿದಿದೆ. ಮಾತು ಹೇಗೋ ದಾಟುತ್ತದೆ, ಇಂಟರ್ನೆಟ್ ಪದೇ ಪದೇ ಕಡಿಯುತ್ತದೆ. ಟೋನ್ ಸ್ವಚ್ಛವಾಗಿದ್ದರೆ ಎಕ್ಸ್‌ಚೇಂಜಿನಲ್ಲಿ ಬ್ರಾಡ್‌ಬ್ಯಾಂಡ್ ಪೋರ್ಟ್ ಇನ್ನೂ ಇದೆಯೇ ಎಂದು ವಿಚಾರಿಸಿ. ಆದರೆ ಹೊಸ ಖರ್ಚನ್ನು ತಾಮ್ರಕ್ಕೆ ಹಾಕಬೇಡಿ. ಪಂಚಾಯಿತಿಗೆ ಬಂದ ಫೈಬರ್ ಉರಿಯುತ್ತಿದೆಯೋ, ಬರೀ ಗೋಡೆಯ ಪೆಟ್ಟಿಗೆಯಲ್ಲಿ ಮಲಗಿದೆಯೋ, ಅದನ್ನು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಮರುವಾರ ಕಾಕಾನ ಜೊತೆ ಆ ವಾಯರ್ ಹಿಡಿದುಕೊಂಡೇ ನಡೆದೆ. ಗೋಡೆಯಿಂದ ಕಂಬಕ್ಕೆ, ಕಂಬದಿಂದ ಡಬ್ಬಿಗೆ, ಅಲ್ಲಿಂದ ನೆಲದೊಳಗೆ. ಹಳೇ ಎಕ್ಸ್‌ಚೇಂಜ್ ಕಟ್ಟಡ ಅವರ ಮನೆಯಿಂದ ಒಂಬತ್ತು ನೂರು ಹೆಜ್ಜೆ, ನಾನೇ ಎಣಿಸಿದೆ. ನಡುವೆ ರಸ್ತೆ ಅಗಲ ಮಾಡಿದ ಕಡೆ ಕೇಬಲ್ಲಿನ ತುದಿ ಮಣ್ಣಿನಿಂದ ಹೊರಗೆ ಚಾಚಿಕೊಂಡಿತ್ತು. ಒಳಗಿನ ಜೆಲ್ಲಿ ಒಣಗಿ ಕಪ್ಪಾಗಿತ್ತು, ತಾಮ್ರವನ್ನು ಯಾರೋ ಸುಲಿದುಕೊಂಡು ಹೋಗಿದ್ದರು. ಕಾಕಾ ಕಾಲಿನಿಂದ ಅದನ್ನು ಒತ್ತಿ ನೋಡಿ, "ಹಂಗಾರ ಪಂಚಾಯ್ತಿ ಪೆಟಿಗಿ ಕೀಲಿ ಯಾರ ಕಡೆ ಐತಿ ಕೇಳೂಣು ನಡಿ" ಅಂದರು.