ಮನೆಯ ಕಾರ್ಯಾಗಾರಕ್ಕೆ ಎಸಿಯ ಗಾತ್ರ

ಕಾರ್ಯಾಗಾರದ ಕೋಣೆಯಲ್ಲಿ ಸೇರುವ ಶಾಖವನ್ನು ಲೆಕ್ಕಹಾಕಿ, ಅದಕ್ಕೆ ತಕ್ಕ ಸಾಮರ್ಥ್ಯದ ಹವಾನಿಯಂತ್ರಕವನ್ನು ಆರಿಸುವ ಕ್ರಮ. ಸಾಮರ್ಥ್ಯದ ಅಳತೆ ಟನ್. ಇದು ಯಂತ್ರದ ತೂಕವಲ್ಲ. ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಶಾಖ ಹೀರುವ ದರವೇ 1 ಟನ್, ಅಂದರೆ ಸುಮಾರು 3.5 ಕಿಲೋವಾಟ್.

ಉದಾಹರಣೆಗೆ ಬೆಂಗಳೂರನ್ನು ತೆಗೆದುಕೊಂಡರೆ, ಅದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನ ಸರಾಸರಿ ಗರಿಷ್ಠ ತಾಪಮಾನ 34 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆದರೆ ನಗರದ ಯಲಹಂಕ, ಹೆಬ್ಬಾಳದಂಥ ಕಡೆ ತಾರಸಿಯ ಮೇಲೆ ಶೀಟ್ ಹೊದಿಸಿದ ಕೋಣೆಯೇ ಕಾರ್ಯಾಗಾರವಾದರೆ, ಹೊರಗಿನ ಹವೆಗಿಂತ ಮಾಡಿನಿಂದ ಇಳಿಯುವ ಬಿಸಿಯೇ ಹೆಚ್ಚು. ಮೊದಲು ಮಾಡಿಗೆ ಶಾಖ ತಡೆಯುವ ಪದರ ಹಾಕಿಸುವುದು ಲೇಸು.

120 ಚದರಡಿಗೆ 1 ಟನ್, 180 ಚದರಡಿಗೆ 1.5 ಟನ್ ಎಂಬುದು ಮಲಗುವ ಕೋಣೆಗೆ ರೂಢಿಯಲ್ಲಿರುವ ಅಂದಾಜು. ಕಾರ್ಯಾಗಾರದಲ್ಲಿ ಯಂತ್ರಗಳ ಶಾಖವನ್ನೂ ಕೂಡಿಸಬೇಕು: 1 ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ ಓಡಿದರೆ 0.2 ಟನ್‌ಗೂ ಮಿಕ್ಕ ಹೊರೆ ಸೇರುತ್ತದೆ.

ಗಾತ್ರ ಕಡಿಮೆಯಾದರೆ ಕೋಣೆ ತಣಿಯದು. ಅತಿಯಾದರೆ ಕಂಪ್ರೆಸರ್ ಪದೇಪದೇ ನಿಂತು ತೇವ ಉಳಿಯುತ್ತದೆ. ಇದರಿಂದ ಮಳೆಗಾಲದಲ್ಲಿ ಹತಾರಗಳಿಗೆ ತುಕ್ಕು ಹಿಡಿಯುತ್ತದೆ. ಮರದ ಹೊಟ್ಟು ಫಿಲ್ಟರ್ ಕಟ್ಟಿದರೆ ಸರಿಯಾದ ಗಾತ್ರದ ಎಸಿಯೂ ಸೊರಗುವುದರಿಂದ ಫಿಲ್ಟರನ್ನು ಆಗಾಗ ತೊಳೆಯಬೇಕು.