ಮಾತಿಗೆ ಅಂಕ ಬಿದ್ದ ಕಥೆ

‘ಯಾವ ಯಾವ ಭಾಷೆ ಬರುತ್ತದೆ?’ ಎಂದು ಅರ್ಜಿಗಳಲ್ಲಿ ಕೇಳುತ್ತಾರೆ. ಸಂತೆಯಲ್ಲಿ ಚೌಕಾಸಿ ಮಾಡುವವರಿಗೂ ಭಾಷೆ ಬರುತ್ತದೆ, ನ್ಯಾಯಾಲಯದಲ್ಲಿ ವಾದಿಸುವವರಿಗೂ ಬರುತ್ತದೆ. ಈ ಎರಡು ‘ಬರುವಿಕೆ’ಗಳ ನಡುವಿನ ದೂರವನ್ನು ಅಳೆಯುವುದು ಹೇಗೆ?

1952ರಲ್ಲಿ ಅಮೆರಿಕದ ಸರ್ಕಾರಕ್ಕೆ ಎದುರಾದದ್ದು ಇದೇ ಪ್ರಶ್ನೆ. ಕೊರಿಯಾ ಯುದ್ಧದ ಆ ಕಾಲದಲ್ಲಿ, ತನ್ನ ನೌಕರರಲ್ಲಿ ಯಾರಿಗೆ ಯಾವ ವಿದೇಶಿ ಭಾಷೆ ಎಷ್ಟು ಬರುತ್ತದೆಂಬ ಪಟ್ಟಿ ಅದಕ್ಕೆ ಬೇಕಾಯಿತು. ಆದರೆ ಒಬ್ಬರು ತಾವೇ ಬರೆದುಕೊಂಡ ‘ಚೆನ್ನಾಗಿ ಬರುತ್ತದೆ’ಯನ್ನೂ ಇನ್ನೊಬ್ಬರ ಕಾಲೇಜಿನ ಅಂಕಪಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿರಲಿಲ್ಲ. ರಾಜತಾಂತ್ರಿಕರಿಗೆ ತರಬೇತಿ ಕೊಡುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಆಗ ಒಂದು ಅಳತೆಗೋಲನ್ನು ಕಟ್ಟಿತು. ಮುಂದೆ ಅದು ಸೊನ್ನೆಯಿಂದ 5ರವರೆಗಿನ ಶ್ರೇಣಿಯಾಗಿ ನಿಂತಿತು. ಪರೀಕ್ಷೆಯೆಂದರೆ ಎದುರುಬದುರು ಕೂತು ಆಡುವ ಮಾತು. ಸುಲಭದ ಕುಶಲಪ್ರಶ್ನೆಯಿಂದ ಶುರುವಾಗಿ, ಮಾತು ಎಲ್ಲಿ ಮುಗ್ಗರಿಸುತ್ತದೋ ಅಲ್ಲಿಯವರೆಗೆ ಅದು ಏರುತ್ತ ಹೋಗುತ್ತಿತ್ತು.

1958ರಲ್ಲಿ ಪರೀಕ್ಷೆಗೆಂದೇ ಪ್ರತ್ಯೇಕ ವಿಭಾಗ ಹುಟ್ಟಿತು. ಉಚ್ಚಾರಣೆ, ವ್ಯಾಕರಣ, ಶಬ್ದಸಂಪತ್ತು, ನಿರರ್ಗಳತೆ, ಗ್ರಹಿಕೆ ಎಂಬ ಐದು ಅಂಶಗಳನ್ನು ಗುರುತಿಸಿದರು. ಪರೀಕ್ಷಕರು ನಿಜವಾಗಿ ಕೊಟ್ಟಿದ್ದ ಶ್ರೇಣಿಗಳನ್ನು ವಿಶ್ಲೇಷಿಸಿ, ಯಾವುದಕ್ಕೆ ಎಷ್ಟು ತೂಕವೆಂದು ಲೆಕ್ಕ ಹಾಕಿದರು. ಆ ಕೋಷ್ಟಕ ನನ್ನನ್ನು ಬೆರಗುಗೊಳಿಸುತ್ತದೆ. ಒಟ್ಟು 99 ಅಂಕಗಳಲ್ಲಿ ವ್ಯಾಕರಣಕ್ಕೆ 36, ಶಬ್ದಸಂಪತ್ತಿಗೆ 24, ಗ್ರಹಿಕೆಗೆ 23, ನಿರರ್ಗಳತೆಗೆ 12. ಉಚ್ಚಾರಣೆಗೆ ಬರೀ 4!

ಹೊಸ ಭಾಷೆ ಆಡುವವರನ್ನು ನಾವು ಮೊದಲು ನಗುವುದೇ ಉಚ್ಚಾರಣೆಗೆ. ಆ ನಗುವಿಗೆ ಹೆದರಿ ಬಾಯಿ ಮುಚ್ಚಿಕೊಂಡವರು ಎಷ್ಟು ಜನವೋ! ಅನುಭವಿ ಕಿವಿಗಳಿಗೆ ಮಾತ್ರ ಅದು ಹೆಚ್ಚಿನ ವಿಷಯವೇ ಆಗಿರಲಿಲ್ಲ.

ಆದರೂ ಈ ಅಳತೆಗೋಲಿನ ತುದಿಯ ಬಗ್ಗೆ ನನಗೆ ತಕರಾರಿದೆ. 5ನೇ ಮೆಟ್ಟಿಲಿಗೆ ಅವರು ಇಟ್ಟ ಮಾದರಿ, ಆ ಭಾಷೆಯನ್ನು ಹುಟ್ಟಿನಿಂದ ಆಡುವ ವಿದ್ಯಾವಂತ. ಕನ್ನಡಕ್ಕೆ ಈ ಗೋಲು ಹಿಡಿದರೆ ಆ ವಿದ್ಯಾವಂತ ಯಾವ ಊರಿನವನು? ಧಾರವಾಡದವನೋ, ಕುಂದಾಪುರದವನೋ, ಮೈಸೂರಿನವನೋ? ಶಾಲೆಯ ಮುಖ ಕಾಣದೆ ರಾತ್ರಿಯಿಡೀ ಕಾವ್ಯ ಹಾಡುವ ಮಲೆ ಮಾದಪ್ಪನ ದೇವರಗುಡ್ಡರಿಗೆ ಎಷ್ಟನೇ ಮೆಟ್ಟಿಲು?

2001ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಪ್ರಕಟಿಸಿದ ಆರು ಹಂತಗಳ ಚೌಕಟ್ಟು ಬೇರೆ ದಾರಿ ಹಿಡಿಯಿತು. ಕಲಿತವರು ಆ ಭಾಷೆಯಲ್ಲಿ ಏನೇನು ಮಾಡಬಲ್ಲರು ಎಂಬುದನ್ನೇ ಅದು ಪಟ್ಟಿ ಮಾಡಿತು. ಅತ್ಯುನ್ನತ ಹಂತವೆಂದರೂ ಹುಟ್ಟುಭಾಷಿಕರ ಸರಿಸಮವೆಂದು ಅರ್ಥವಲ್ಲ ಎಂದು ಬಿಡಿಸಿ ಹೇಳಿತು. ‘ಅವರಂತೆ ಆಡುತ್ತೀಯಾ?’ ಎನ್ನುವುದಕ್ಕಿಂತ ‘ನಿನ್ನ ಕೆಲಸ ಸಾಗುತ್ತದೆಯೇ?’ ಎಂದು ಕೇಳುವುದು ಕಲಿಯುವವರಿಗೆ ತೋರುವ ಮರ್ಯಾದೆ ಎಂದೇ ನಾನು ತಿಳಿಯುತ್ತೇನೆ.