ರೈಲು ಎಂಜಿನ್, ಬೋಗಿಗಳ ಸಂಖ್ಯೆ: ಬದಲಾದದ್ದೇಕೆ, ಉಳಿಯಬೇಕಾದದ್ದೇನು?

ಗಿಣಿಗೇರಾ–ಮೆಹಬೂಬ್‌ನಗರ ರೈಲು ಮಾರ್ಗದಲ್ಲಿರುವ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಮೂಲಕ ಸಾಗುವ ಪ್ರತಿಯೊಂದು ಬೋಗಿಯ ಪಕ್ಕದಲ್ಲೂ ಬಣ್ಣದಲ್ಲಿ ಬರೆದ ಕೆಲವು ಅಕ್ಷರಗಳು, ಅವುಗಳ ಮುಂದೆ ಐದು ಅಥವಾ ಆರು ಅಂಕಿಗಳು ಕಾಣುತ್ತವೆ. ಅದು ರೈಲಿನ ಸಂಖ್ಯೆಯಲ್ಲ. ಟಿಕೆಟ್‌ನಲ್ಲಿ ನಮೂದಾಗುವ ಎಸ್-1, ಬಿ-2 ಎಂಬ ಗುರುತೂ ಅಲ್ಲ. ಆ ಬೋಗಿ ಯಾವ ವರ್ಷದ್ದು, ಯಾವ ಬಗೆಯದು, ಯಾವ ವಲಯಕ್ಕೆ ಸೇರಿದ್ದು ಎಂಬುದನ್ನು ತಿಳಿಸುವ ಸ್ವಂತ ಸಂಖ್ಯೆ ಅದು. ದುರಸ್ತಿ, ತಪಾಸಣೆ, ಅಪಘಾತದ ತನಿಖೆ ಎಲ್ಲದರ ದಾಖಲೆಯೂ ಈ ಸಂಖ್ಯೆಯನ್ನೇ ಆಧರಿಸಿರುತ್ತದೆ.

ಆದರೆ ಈ ಸಂಖ್ಯೆ ಶಾಶ್ವತವಲ್ಲ. ಒಡೆತನ ಬದಲಾದಾಗ, ವಲಯ ಒಡೆದಾಗ, ಕೂಡಿದಾಗ, ಬಳಕೆ ಬದಲಾದಾಗ ಹಳೆಯ ಬರಹ ಅಳಿದು ಹೊಸದು ಬರುತ್ತದೆ. ಓಡುವ ರೈಲಿಗೆ ಇದು ಆಡಳಿತದ ಸಣ್ಣ ಕೆಲಸ. ವಸ್ತುಸಂಗ್ರಹಾಲಯ ಸೇರಿದ ಅಥವಾ ಪಾರಂಪರಿಕ ಮಾರ್ಗದಲ್ಲಿ ಓಡುವ ಎಂಜಿನ್‌ಗೆ ಮಾತ್ರ ಇದು ಗುರುತಿನ ಪ್ರಶ್ನೆಯೇ ಆಗುತ್ತದೆ.

ಒಂದೇ ಹಳಿ, ಹಲವು ಹೆಸರು

ಕೊಪ್ಪಳದ ಮೂಲಕ ಸಾಗುವ ಗುಂತಕಲ್–ಹೊಸಪೇಟೆ–ಹುಬ್ಬಳ್ಳಿ ಮಾರ್ಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಭಾಗದಲ್ಲಿ ಮೀಟರ್‌ಗೇಜ್ ಹಳಿ ಹಾಕಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರ ಏಪ್ರಿಲ್ 14ರಂದು ಈ ಕಂಪನಿಯ ಜಾಲ, ಸೌತ್ ಇಂಡಿಯನ್ ರೈಲ್ವೆ ಹಾಗೂ ಮೈಸೂರು ಸಂಸ್ಥಾನದ ರೈಲ್ವೆ ಮೂರೂ ಒಂದಾಗಿ ದಕ್ಷಿಣ ರೈಲ್ವೆ ರೂಪುಗೊಂಡಿತು. 1966ರ ಅಕ್ಟೋಬರ್ 2ರಂದು ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯನ್ನೇ ಕೇಂದ್ರವಾಗಿಸಿಕೊಂಡು ನೈರುತ್ಯ ರೈಲ್ವೆ ಅಸ್ತಿತ್ವಕ್ಕೆ ಬಂದಿತು.

ಹೀಗೆ ಹಳಿ ಇದ್ದಲ್ಲೇ ಇದ್ದರೂ ಅದರ ಒಡೆತನದ ಹೆಸರು ಐದು ಬಾರಿ ಬರೆಯಲ್ಪಟ್ಟಿತು. ಪ್ರತಿ ಬಾರಿಯೂ ಬೋಗಿ, ವ್ಯಾಗನ್‌ಗಳ ಮೇಲಿನ ವಲಯದ ಅಕ್ಷರಗಳನ್ನು ಹೊಸದಾಗಿ ಬರೆಯಬೇಕಾಯಿತು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಆದ್ದರಿಂದ ಗಂಗಾವತಿ, ಶ್ರೀರಾಮನಗರಗಳ ಹೊಸ ಹಳಿ ಕಂಡಿರುವುದು ನೈರುತ್ಯ ರೈಲ್ವೆಯ ಕಾಲವನ್ನು ಮಾತ್ರ. ಹಿಂದಿನ ನಾಲ್ಕು ಹೆಸರುಗಳ ನೆನಪು ಇರುವುದು ಗಿಣಿಗೇರಾ, ಕೊಪ್ಪಳಗಳ ಹಳೆಯ ಮಾರ್ಗಕ್ಕೆ.

ಮರುಸಂಖ್ಯೆ ಏಕೆ ಬೇಕಾಯಿತು?

ಕಂಪನಿಗಳ ಕಾಲದಲ್ಲಿ ಪ್ರತಿಯೊಂದು ಸಂಸ್ಥೆಯೂ ತನ್ನ ಎಂಜಿನ್‌ಗಳಿಗೆ ತನ್ನದೇ ಕ್ರಮದಲ್ಲಿ ಸಂಖ್ಯೆ ಕೊಡುತ್ತಿತ್ತು. ಸಂಸ್ಥೆಗಳು ಒಂದಾದಾಗ ಒಂದೇ ಸಂಖ್ಯೆಯ ಎರಡು ಮೂರು ಎಂಜಿನ್‌ಗಳು ಒಂದೇ ದಾಖಲೆಗೆ ಬರುವ ತೊಡಕು ಎದುರಾಯಿತು. ಇದನ್ನು ನಿವಾರಿಸಲು 1950ರ ದಶಕದ ಕೊನೆಯ ಭಾಗದಲ್ಲಿ ಉಗಿ ಎಂಜಿನ್‌ಗಳಿಗೆ ಅಖಿಲ ಭಾರತ ಮಟ್ಟದ ಸಂಖ್ಯಾಸರಣಿ ಜಾರಿಗೆ ಬಂದಿತು. ನೀಲಗಿರಿ ಬೆಟ್ಟದ ರೈಲಿನ ಎಕ್ಸ್ ವರ್ಗದ ಎಂಜಿನ್‌ಗಳು 37384ರಂತಹ ಐದಂಕಿಯ ಸಂಖ್ಯೆ ಹೊತ್ತಿರುವುದು ಇದೇ ಕಾರಣದಿಂದ. ಆ ಪುಟ್ಟ ಮಾರ್ಗದಲ್ಲಿ ಮೂವತ್ತೇಳು ಸಾವಿರ ಎಂಜಿನ್‌ಗಳಿದ್ದವೆಂದು ಅರ್ಥವಲ್ಲ. ಅದು ದೇಶದ ಮೀಟರ್‌ಗೇಜ್ ಪಟ್ಟಿಯಲ್ಲಿ ಅವುಗಳಿಗೆ ದೊರೆತ ಸ್ಥಾನ. ತಿರುಚಿನಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಇತ್ತೀಚಿನ ದಶಕಗಳಲ್ಲಿ ಕಟ್ಟಿದ ಹೊಸ ಉಗಿ ಎಂಜಿನ್‌ಗಳಿಗೂ ಅದೇ ಸರಣಿಯನ್ನು ಮುಂದುವರಿಸಲಾಗಿದೆ.

ಸಂಖ್ಯೆಗೆ ಮುನ್ನ ಬರುವ ಅಕ್ಷರಗಳಿಗೂ ಅರ್ಥವಿದೆ. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ವೈ ಎಂದರೆ ಮೀಟರ್‌ಗೇಜ್, ಝಡ್ ಎಂದರೆ ನ್ಯಾರೋಗೇಜ್. ಡಿ ಡೀಸೆಲ್‌ಗೆ, ಎ ವಿದ್ಯುತ್ ಎಂಜಿನ್‌ಗೆ ಸಲ್ಲುತ್ತದೆ. ಪಿ ಪ್ರಯಾಣಿಕರ ರೈಲಿನದು, ಜಿ ಸರಕಿನದು, ಎಂ ಎರಡಕ್ಕೂ ಒಗ್ಗುವಂಥದು. ಹೀಗಾಗಿ ವೈಪಿ ಎಂದೊಡನೆ ಅದು ಮೀಟರ್‌ಗೇಜ್‌ನ ಪ್ರಯಾಣಿಕ ಉಗಿ ಎಂಜಿನ್ ಎಂದು ತಿಳಿಯುತ್ತದೆ. 1999ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಿಂದ ಬಂದು ಹುಬ್ಬಳ್ಳಿ ಶೆಡ್‌ಗೆ ಸೇರಿದ ಡಬ್ಲ್ಯುಡಿಜಿ-4 ಬ್ರಾಡ್‌ಗೇಜ್‌ನ ಸರಕು ಸಾಗಣೆಯ ಡೀಸೆಲ್ ಎಂಜಿನ್. ಅದರ ಸಂಖ್ಯೆಗಳು 12001ರಿಂದ ಆರಂಭವಾದವು.

ಬೋಗಿ ಮತ್ತು ವ್ಯಾಗನ್

ಐದಂಕಿಯ ಬೋಗಿ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿಗಳು ಸಾಮಾನ್ಯವಾಗಿ ತಯಾರಾದ ವರ್ಷವನ್ನು, ಉಳಿದ ಮೂರು ಬೋಗಿಯ ಬಗೆಯನ್ನು ಸೂಚಿಸುತ್ತವೆ. 201ರಿಂದ 400ರವರೆಗಿನವು ಸ್ಲೀಪರ್, 401ರಿಂದ 600ರವರೆಗಿನವು ಸಾಮಾನ್ಯ ದರ್ಜೆ. ಅದರಂತೆ 05234 ಎಂದರೆ 2005ರ ಸ್ಲೀಪರ್ ಬೋಗಿ. ಸಂಖ್ಯೆಗಳು ಸಾಲದಾದ್ದರಿಂದ ಹೊಸ ಬೋಗಿಗಳಿಗೆ ಆರಂಕಿಯ ಕ್ರಮ ಬಂದಿದೆ. ವಯಸ್ಸಾದ ಪ್ರಯಾಣಿಕ ಬೋಗಿಗಳನ್ನು ಕಿಟಕಿ ಮುಚ್ಚಿ ವಾಹನ ಸಾಗಿಸುವ ಬೋಗಿಗಳಾಗಿ ಪರಿವರ್ತಿಸಿದಾಗ ಹಳೆಯ ಸಂಕೇತ ಹೋಗಿ ಎನ್‌ಎಂಜಿ ಎಂಬ ಹೊಸ ಸಂಕೇತ ಬರುತ್ತದೆ.

ವ್ಯಾಗನ್‌ಗಳ ಕ್ರಮ ಇನ್ನೂ ಕಟ್ಟುನಿಟ್ಟಿನದು. 2003ರಿಂದ ಜಾರಿಯಲ್ಲಿರುವ ಹನ್ನೊಂದು ಅಂಕಿಗಳಲ್ಲಿ ಮೊದಲೆರಡು ವ್ಯಾಗನ್‌ನ ಬಗೆ, ನಂತರದ ಎರಡು ಒಡೆತನದ ವಲಯ, ಮುಂದಿನ ಎರಡು ತಯಾರಿಕೆಯ ವರ್ಷ, ಆಮೇಲಿನ ನಾಲ್ಕು ಸ್ವಂತ ಸಂಖ್ಯೆ. ಕೊನೆಯ ಅಂಕಿ ತಾಳೆ ನೋಡುವುದಕ್ಕೆ. ಸಮಸ್ಥಾನದ ಅಂಕಿಗಳನ್ನು ಕೂಡಿಸಿ ಮೂರರಿಂದ ಗುಣಿಸಿ, ಅದಕ್ಕೆ ಬೆಸಸ್ಥಾನದ ಅಂಕಿಗಳ ಮೊತ್ತ ಸೇರಿಸಿದರೆ ಬರುವ ಸಂಖ್ಯೆಯನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಉದಾಹರಣೆಗೆ 3106124567 ಎಂಬ ಕಾಲ್ಪನಿಕ ಸಂಖ್ಯೆಯಲ್ಲಿ ಸಮಸ್ಥಾನಗಳ ಮೊತ್ತ 21, ಅದರ ಮೂರರಷ್ಟು 63, ಬೆಸಸ್ಥಾನಗಳ ಮೊತ್ತ 14, ಒಟ್ಟು 77. ಎಂಬತ್ತಕ್ಕೆ ಮೂರು ಕಡಿಮೆ, ಆದ್ದರಿಂದ ಕೊನೆಯ ಅಂಕಿ 3. ಬರೆದುಕೊಳ್ಳುವವರು ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಕಂಪ್ಯೂಟರ್ ಕೂಡಲೇ ತಪ್ಪನ್ನು ಹಿಡಿಯುತ್ತದೆ.

ಪರಂಪರೆಯ ಇಕ್ಕಟ್ಟು

ಹಲವು ಸಂಖ್ಯೆ ಹೊತ್ತ ಎಂಜಿನ್ ನಿವೃತ್ತವಾದ ಮೇಲೆ ಯಾವ ಸಂಖ್ಯೆಯಲ್ಲಿ ಉಳಿಯಬೇಕು? ಬ್ರಿಟನ್ನಿನ ಪ್ರಸಿದ್ಧ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ 1923ರಲ್ಲಿ 1472 ಎಂಬ ಸಂಖ್ಯೆಯೊಂದಿಗೆ ಹೊರಬಂದಿತು. ಮರುವರ್ಷ 4472 ಆಯಿತು. 1946ರಲ್ಲಿ ಮೊದಲು 502, ನಂತರ 103. ರೈಲ್ವೆಯ ರಾಷ್ಟ್ರೀಕರಣದ ಬಳಿಕ 60103. ಸಂರಕ್ಷಣೆಗೆ ಒಳಪಟ್ಟ ಮೇಲೆ ಅದು ಬಹುಕಾಲ 4472 ಆಗಿಯೇ ಮೆರೆದು, 2016ರಲ್ಲಿ ಮತ್ತೆ ಹಳಿಗಿಳಿದಾಗ 60103 ಎಂಬ ಸಂಖ್ಯೆ ಧರಿಸಿತ್ತು. ಸಂಖ್ಯೆಯೊಂದಿಗೆ ಬಣ್ಣ, ಬಾಯ್ಲರ್, ಹೊಗೆ ತಡೆಯುವ ತಗಡು ಎಲ್ಲವೂ ಯಾವ ಕಾಲದ್ದೆಂದು ಹೊಂದಿಕೊಳ್ಳಬೇಕಾಗುತ್ತದೆ. ಒಂದು ಕಾಲದ ಸಂಖ್ಯೆಗೆ ಮತ್ತೊಂದು ಕಾಲದ ವೇಷ ತೊಡಿಸಿದರೆ ನೋಡುಗರಿಗೆ ಸಿಗುವುದು ಎಂದೂ ಇರದಿದ್ದ ಎಂಜಿನ್.

ಡಾರ್ಜಿಲಿಂಗ್ ರೈಲಿನ 1889ರ ಬಿ ವರ್ಗದ ಎಂಜಿನ್ ಒಂದು ತನ್ನ ಕಂಪನಿಯ ಕಾಲದಲ್ಲಿ 19 ಆಗಿತ್ತು, ಅಖಿಲ ಭಾರತ ಪಟ್ಟಿಯಲ್ಲಿ 778 ಆಯಿತು. 1960ರ ದಶಕದಲ್ಲಿ ಅಮೆರಿಕಕ್ಕೆ, ಅಲ್ಲಿಂದ ಈ ಶತಮಾನದ ಆರಂಭದಲ್ಲಿ ಇಂಗ್ಲೆಂಡಿಗೆ ಸಾಗಿದ ಆ ಎಂಜಿನ್‌ನ ಕಥೆ ಅರಿಯಲು ಎರಡೂ ಸಂಖ್ಯೆಗಳು ಬೇಕು.

ಕರ್ನಾಟಕಕ್ಕೆ ಈ ಪ್ರಶ್ನೆ ದೂರದ್ದಲ್ಲ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನ್ ಜೊತೆಗೆ ಹಳೆಯ ಎಂಜಿನ್‌ಗಳಿವೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಸಂಗ್ರಹಾಲಯ ತೆರೆಯಿತು. 2008ರಲ್ಲಿ ಸಂಚಾರ ಆರಂಭಿಸಿದ ಸುವರ್ಣ ರಥದ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಮೊದಲಾದ ರಾಜಮನೆತನಗಳ ಹೆಸರಿಟ್ಟರೂ ಆ ಹೆಸರು ಪ್ರವಾಸಿಗರಿಗಷ್ಟೇ. ಕಾರ್ಯಾಗಾರದ ದಾಖಲೆಗೆ ಸಂಖ್ಯೆಯೇ ಬೇಕು.

ಅಳಿಯದ ಗುರುತು

ಬಣ್ಣದ ಸಂಖ್ಯೆ ಬದಲಾದರೂ ಬದಲಾಗದ ಗುರುತೊಂದಿದೆ. ಅದು ತಯಾರಕರು ಎಂಜಿನ್‌ಗೆ ಕೊಟ್ಟ ಕಾರ್ಖಾನೆ ಸಂಖ್ಯೆ. ತಯಾರಕರ ಹೆಸರು, ಊರು, ವರ್ಷದೊಂದಿಗೆ ಅದನ್ನು ಲೋಹದ ಫಲಕದಲ್ಲಿ ಎರಕ ಹೊಯ್ದು ಎಂಜಿನ್‌ಗೆ ಜಡಿದಿರುತ್ತಾರೆ. ಚಕ್ರಗಳನ್ನು ಕೂಡಿಸುವ ಸರಳುಗಳ ಮೇಲೂ ಎಂಜಿನ್‌ನ ಸಂಖ್ಯೆಯನ್ನು ಉಳಿಯಿಂದ ಒತ್ತುವ ರೂಢಿಯಿತ್ತು. ಕಾರ್ಯಾಗಾರದಲ್ಲಿ ಒಂದರ ಭಾಗ ಇನ್ನೊಂದಕ್ಕೆ ಜೋಡಿಸುವುದು ಸಾಮಾನ್ಯವಾಗಿದ್ದರಿಂದ, ಒಂದೇ ಎಂಜಿನ್‌ನಲ್ಲಿ ಬೇರೆ ಬೇರೆ ಸಂಖ್ಯೆಗಳು ಸಿಗುವುದೂ ಉಂಟು. ಅದು ದೋಷವಲ್ಲ, ಆ ಎಂಜಿನ್ ದುಡಿದ ಬದುಕಿನ ದಾಖಲೆ.

1990ರ ದಶಕದಲ್ಲಿ ಹುಬ್ಬಳ್ಳಿ–ಹೊಸಪೇಟೆ ಮಾರ್ಗ ಬ್ರಾಡ್‌ಗೇಜ್ ಆದಾಗ ಮೀಟರ್‌ಗೇಜ್‌ನ ಎಂಜಿನ್, ಬೋಗಿಗಳಿಗೆ ಅಲ್ಲಿ ಓಡಲು ಹಳಿಯೇ ಇಲ್ಲವಾಯಿತು. ಒಂದು ಶತಮಾನ ಆ ಮಾರ್ಗದಲ್ಲಿ ಓಡಿದವುಗಳ ಚರಿತ್ರೆ ಇಂದು ಕೆಲವೇ ಪ್ರದರ್ಶನ ವಸ್ತುಗಳಲ್ಲಿ, ಹಳೆಯ ಕಡತಗಳಲ್ಲಿ ಉಳಿದಿದೆ. ಹೊಸ ಬಣ್ಣ ಬಳಿಯುವ ಮುನ್ನ ಹಳೆಯ ಬರಹದ ಛಾಯಾಚಿತ್ರ ತೆಗೆದು, ಕಾರ್ಖಾನೆ ಸಂಖ್ಯೆ ಹಾಗೂ ಕಾಲಕಾಲಕ್ಕೆ ಬದಲಾದ ಎಲ್ಲ ಸಂಖ್ಯೆಗಳನ್ನು ವರ್ಷಸಹಿತ ಫಲಕದಲ್ಲಿ ನಮೂದಿಸಿದರೆ ಆ ಚರಿತ್ರೆ ಉಳಿಯುತ್ತದೆ. ಇಲ್ಲವಾದರೆ ಒಂದು ಡಬ್ಬಿ ಬಣ್ಣ ಅದನ್ನು ಒಂದೇ ಮಧ್ಯಾಹ್ನದಲ್ಲಿ ಮುಚ್ಚಿಬಿಡಬಲ್ಲದು.